ಹೊಲಿದಿಟ್ಟ ಪಾಠ, ಹಸಿರು ಬಕೀಟು

ನಮ್ಮ ಕೆಂಚನಹಾಳದ ಹೈಸ್ಕೂಲಿನಲ್ಲಿ ಹತ್ತನೆಯ ಇಯತ್ತೆಯ ವಿಜ್ಞಾನದ ಹದಿಮೂರನೆಯ ಪಾಠವನ್ನು ಯಾರೂ ಕಲಿಸುತ್ತಿರಲಿಲ್ಲ, ಹೊಲಿಯುತ್ತಿದ್ದರು. ಜೂನ್ ತಿಂಗಳಲ್ಲಿ ಪುಸ್ತಕಗಳು ಬಂದ ದಿನವೇ ಸಿಪಾಯಿ ಮುದಕಪ್ಪ ದಬ್ಬಣ ಮತ್ತು ಗೋಣಿದಾರ ಹಿಡಿದು ಕೂತು, 'ಮಾನವನ ಸಂತಾನೋತ್ಪತ್ತಿ' ಎಂಬ ಪಾಠದ ಹಾಳೆಗಳನ್ನು ಹತ್ತಿಚೀಲದ ಬಾಯಿ ಹೊಲಿದಂತೆ ಹೊಲಿದು, ಆಮೇಲೆ ಪುಸ್ತಕವನ್ನು ಹುಡುಗರ ಕೈಗೆ ಕೊಡುತ್ತಿದ್ದ. ಇದು ಹೆಡ್ ಮಾಸ್ತರ ಅಮೋಘಸಿದ್ದಪ್ಪನವರ ಶೋಧ. "ಪುಸ್ತಕ ಸರಕಾರದ್ದು, ದಾರ ನಮ್ಮದು" ಎಂದು ಅವರು ಹೆಮ್ಮೆಯಿಂದ ಹೇಳುತ್ತಿದ್ದರು. ಪರಿಣಾಮವೇನೆಂದರೆ ಇಡೀ ಪುಸ್ತಕದಲ್ಲಿ ಕೈಯಾಡಿ ಆಡಿ ಜಿಡ್ಡಾದ ಪಾಠ ಅದೊಂದೇ. ಹುಡುಗರು ಹೊಲಿಗೆಯ ಸಂದಿಯಲ್ಲಿ ಒಂದು ಕಣ್ಣು ಇಟ್ಟು ಓದುತ್ತಿದ್ದರು. ಹೀಗಾಗಿ ನಮ್ಮೂರಿನ ಹುಡುಗರಿಗೆ ಆ ವಿಷಯದಲ್ಲಿ ಪ್ರತಿ ಸಾಲಿನ ನಡುವಿನ ಭಾಗ ಚೆನ್ನಾಗಿ ಗೊತ್ತಿತ್ತು. ಆರಂಭ ಮತ್ತು ಅಂತ್ಯ ಗೊತ್ತಿರಲಿಲ್ಲ. ಹುಡುಗಿಯರಿಗೆ ಅಷ್ಟೂ ಗೊತ್ತಿರಲಿಲ್ಲ.

ಎಂಬತ್ಮೂರನೆಯ ಇಸವಿಯ ಚಳಿಗಾಲದಲ್ಲಿ ಹೊಸ ಇನ್ಸ್‌ಪೆಕ್ಟರ ಸಾಹೇಬರು ಬಂದರು. ಜನಸಂಖ್ಯಾ ಶಿಕ್ಷಣವೆಂಬ ಹೊಸ ಹುರುಪು ಅವರ ಮೈಯಲ್ಲಿ ತುಂಬಿತ್ತು. ಅಣ್ಣಿಗೇರಿಯ ಸಭೆಯಲ್ಲಿ ಅವರು ನಮ್ಮ ಹೆಡ್ ಮಾಸ್ತರರನ್ನು ಎಬ್ಬಿಸಿ ನಿಲ್ಲಿಸಿ, "ಬರುವ ಗುರುವಾರ ನಿಮ್ಮ ಶಾಲೆಗೆ ಬರುತ್ತೇನೆ. ಹದಿಮೂರನೆಯ ಪಾಠವನ್ನೇ ಕೇಳುತ್ತೇನೆ" ಎಂದುಬಿಟ್ಟರು.

ಅಮೋಘಸಿದ್ದಪ್ಪನವರು ಮರಳಿ ಬಂದು ಮಾಸ್ತರರ ಕೋಣೆಯ ಬಾಗಿಲು ಹಾಕಿಸಿದರು. ಗಣಿತದವರು ತಮ್ಮ ಮಗಳು ಅದೇ ವರ್ಗದಲ್ಲಿದ್ದಾಳೆ ಎಂದರು. ಇತಿಹಾಸದವರಿಗೆ ತಕ್ಷಣ ಬೆನ್ನುನೋವು ಬಂತು. ನಾನು ಕನ್ನಡದವನು, ನನ್ನ ವಿಷಯದಲ್ಲಿ ಶೃಂಗಾರ ಸಾಕಷ್ಟಿದ್ದರೂ ಅದಕ್ಕೆ ನಕ್ಷೆಗಳಿಲ್ಲ ಎಂದು ಬಿನ್ನವಿಸಿಕೊಂಡೆ. ಕೊನೆಗೆ ಎಲ್ಲರ ಕಣ್ಣೂ ಹೋಗಿ ವಿಜ್ಞಾನದ ಮಡಿವಾಳೆಪ್ಪ ಮಾಸ್ತರರ ಮೇಲೆ ಕೂತವು.

"ಸರ್, ನಂದಿನ್ನೂ ಲಗ್ನ ಆಗಿಲ್ರಿ" ಎಂದರು ಮಡಿವಾಳೆಪ್ಪ.

"ಅದ ಚಲೋ ಆತ" ಎಂದರು ಹೆಡ್ ಮಾಸ್ತರರು. "ಲಗ್ನ ಆದಾವ್ರು ಹೇಳಿದ್ರ ಸ್ವಂತದ್ದ ಹೇಳಾಕತ್ತಾರಂತ ಹುಡುಗೂರು ನಗತಾವು. ನೀವು ಹೇಳಿದ್ರ ಪುಸ್ತಕದ್ದ ಅಂತ ತಿಳಕೊಳ್ತಾವು."

ಮಡಿವಾಳೆಪ್ಪನವರ ಲಗ್ನದ ಸಂಗತಿ ಇಲ್ಲಿ ಹೇಳಲೇಬೇಕು. ಅದು ಆಗದೆ ಉಳಿದದ್ದು ಅವರ ಗುಣದ ದೋಷದಿಂದಲ್ಲ, ಗಲಿಬಿಲಿಯ ದೋಷದಿಂದ. ಹಿಂದಿನ ವರ್ಷ ಕುಂದಗೋಳಕ್ಕೆ ಕನ್ಯೆ ನೋಡಲು ಹೋದವರು ಒಂದು ಮನೆ ತಪ್ಪಿ ಬಾಜೂ ಮನೆ ಹೊಕ್ಕರು. ಅಲ್ಲಿ ಕುಬುಸದ ಕಾರ್ಯ ನಡೆದಿತ್ತು. ಬಸುರಿ ಹೆಣ್ಣುಮಗಳು ಹಸಿರು ಸೀರೆಯುಟ್ಟು, ಹೂ ಮುಡಿದು ಮಣೆಯ ಮೇಲೆ ಕೂತಿದ್ದಳು. ಇವರು ಕೊಟ್ಟ ಉಪ್ಪಿಟ್ಟು ತಿಂದು, ಕೈ ತೊಳೆದು, ಆಕೆಯ ಗಂಡನಿಗೇ ನಮಸ್ಕಾರ ಮಾಡಿ, "ಹುಡುಗಿ ಮನಸ್ಸಿಗೆ ಬಂದಾಳ್ರಿ" ಎಂದರು. ಅಂದು ಅವರು ಕುಂದಗೋಳದಿಂದ ಬಸ್ಸಿಲ್ಲದೇ ಓಡಿ ಬಂದರೆಂದು ಪ್ರತೀತಿ. ಆ ಸುದ್ದಿ ಅವರಿಗಿಂತ ವೇಗವಾಗಿ ಓಡಿ, ಸುತ್ತಲಿನ ಕನ್ಯೆಯರ ಮನೆಗಳೆಲ್ಲ ಬಾಗಿಲು ಮುಚ್ಚಿದವು.

ಉಳಿದದ್ದು ಗುಡಗೇರಿಯ ನೀಲಕ್ಕ. ಕನ್ಯೆ ನೋಡುವ ದಿನ ತಲೆ ಬಗ್ಗಿಸಿ ಕೂರುವುದನ್ನು ಬಿಟ್ಟು ಆಕೆ, "ನಿಮ್ಮ ಸಾಲ್ಯಾಗ ಹೆಣ್ಣುಹುಡುಗೂರು ಎಷ್ಟ ಅದಾರ್ರಿ?" ಎಂದು ಕೇಳಿದಳು. ಇವರು ಗಾಬರಿಯಾಗಿ, "ಐದ ಇದ್ದೂರಿ... ಒಂದರ ಲಗ್ನ ಆತು, ಈಗ ನಾಕು" ಎಂದರು. "ಆ ನಾಕಾದ್ರೂ ಉಳಿಸಿಕೊಳ್ರಿ" ಎಂದು ಆಕೆ ಚಹಾ ಕೊಟ್ಟಳು. ಅಂದಿನಿಂದ ಮಡಿವಾಳೆಪ್ಪನವರಿಗೆ ಬೇರೆ ಯಾವ ಚಹಾದಲ್ಲೂ ರುಚಿ ಉಳಿಯಲಿಲ್ಲ.

ನೀಲಕ್ಕನ ತಂದೆ ಶಿದ್ಲಿಂಗಪ್ಪ ಕಾಳುಕಡಿಯ ದೊಡ್ಡ ವ್ಯಾಪಾರಿ. ಅವರಿಗೆ ನಾಲ್ಕೂ ಹೆಣ್ಣು. ಬಂದವರೆದುರಿಗೆಲ್ಲ, ಹೆಂಡತಿ ಸುಶೀಲವ್ವ ಅಲ್ಲೇ ನಿಂತಿರುವಾಗಲೇ, "ನಾಕ ಸಲ ಬಿತ್ತಿದೆ. ಹೊಲಾನ ಖೊಟ್ಟಿ" ಎನ್ನುವುದು ಅವರ ವಾಡಿಕೆ. ಸುಶೀಲವ್ವ ಆಗೆಲ್ಲ ಬಸಿಯಲ್ಲಿನ ಚಹಾವನ್ನು ನೋಡುತ್ತ ನಿಲ್ಲುತ್ತಿದ್ದಳು. ಶಿದ್ಲಿಂಗಪ್ಪನವರು ಅಳಿಯನಿಗೆ ಹಾಕಿದ್ದ ಶರತ್ತು ಒಂದೇ: "ವರದಕ್ಷಿಣಿ ಮಾತ ಬಿಡ್ರಿ. ನಿಮ್ಮ ಮನಿತನದಾಗ ಗಂಡಮಕ್ಕಳ ಸಾಲು ಐತಿ ಅಂತ ವಿಚಾರ ಮಾಡಿ ಬಂದೇನಿ. ನನಗ ಮೊಮ್ಮಗ ಬೇಕು." ನಿಶ್ಚಯ ಮುಂದಿನ ಸೋಮವಾರಕ್ಕೆ ಗೊತ್ತಾಗಿತ್ತು. ಅಂದರೆ ಇನ್ಸ್‌ಪೆಕ್ಟರರ ಗುರುವಾರವಾಗಿ ಮೂರು ದಿನ ಬಿಟ್ಟು ನಾಲ್ಕನೆಯ ದಿನಕ್ಕೆ. ಅಲ್ಲಿಯವರೆಗೆ ಮಡಿವಾಳೆಪ್ಪನವರು ಯಾವ ತಪ್ಪು ಮನೆಯನ್ನೂ ಹೊಗದೆ ಇದ್ದರೆ ಸಾಕಿತ್ತು.

ಅವರು ಯಾವ ಮನೆಯನ್ನೂ ಹೊಗಲಿಲ್ಲ. ಜೀಪು ಹತ್ತಿದರು.

ಪಾಠಕ್ಕೆ ಒಂದು ಪಟ ಬೇಕಲ್ಲ ಎಂದು ಶನಿವಾರ ಅರ್ಧದಿನದ ಶಾಲೆ ಮುಗಿಸಿ ಅಣ್ಣಿಗೇರಿಯ ದವಾಖಾನೆಗೆ ಹೋದರು. ಅಲ್ಲಿಯ ನರ್ಸಬಾಯಿ ಜರೀನಾಬಿ ನಮ್ಮೂರ ಸುತ್ತಿನ ಅರ್ಧ ಮಕ್ಕಳನ್ನು ಹಿಡಿದೆತ್ತಿದವರು. ಮಾತಿಗೆ ಮುಸುಕು ಹಾಕಿ ಗೊತ್ತಿಲ್ಲದವರು. ಪಟ ಕೊಟ್ಟರು, ಎದುರಿಗೆ ಕೂರಿಸಿಕೊಂಡು ಎಲ್ಲ ವಿವರಿಸಿದರು, ಇವರ ಹಣೆಯ ಬೆವರು ನೋಡಿ ನೀರೂ ಕೊಟ್ಟರು. "ಮಾಸ್ತರ, ನೀವು ನಾಚಿಕೊಂಡ್ರ ಹುಡುಗೂರೂ ನಾಚಿಕೊಂತಾವು. ಜೋಳದ ಬೆಳಿ ಹೇಳಿದಂಗ ಹೇಳ್ರಿ" ಎಂದರು. ಪಟ ಬಟ್ಟೆಯದು, ಮೇಲೊಂದು ಕೆಳಗೊಂದು ಕಟ್ಟಿಗೆಯ ಪಟ್ಟಿ. ಸುತ್ತಿದರೆ ಒಂದು ದೊಡ್ಡ ಲಟ್ಟಣಿಗೆ. ಅದನ್ನು ಕೈಯಲ್ಲಿ ಹಿಡಿದು ಪೇಟೆಯಲ್ಲಿ ಹಾಯುವುದು ಹೇಗೆ? ಗಾಳಿಗೆ ಬಿಚ್ಚಿಕೊಂಡರೆ? ಮಡಿವಾಳೆಪ್ಪನವರು ಸಂಡಾಸಿನ ಮರೆಗೆ ಹೋಗಿ, ಲಗ್ನಕ್ಕೆಂದೇ ಹುಬ್ಬಳ್ಳಿಯಲ್ಲಿ ಹೊಲಿಸಿದ್ದ ಬೆಲ್‌ಬಾಟಂ ಪ್ಯಾಂಟಿನ ಬಲಗಾಲಿನೊಳಗೆ ಪಟವನ್ನು ಇಳಿಸಿ, ಮೇಲೆ ಬೆಲ್ಟು ಬಿಗಿದರು. ಮೊಣಕಾಲು ಮಡಚುವುದು ಅಲ್ಲಿಗೆ ನಿಂತಿತು.

ಹೊಸ ಸಂಸಾರಕ್ಕೆ ಬೇಕೆಂದು ಪೇಟೆಯಲ್ಲಿ ಒಂದು ಪ್ಲಾಸ್ಟಿಕ್ ಬಕೀಟನ್ನೂ ಕೊಂಡರು. ಹಸಿರು ಬಣ್ಣದ್ದು, ಅಂಗಡಿಯವನು ಈಗ ಬಹಳ ನಡೆಯುವ ಮಾಲು ಇದೇ ಎಂದ. ಅದು ನಿಜವೂ ಆಗಿತ್ತು. ಏಕೆಂದರೆ ಆ ತಿಂಗಳು ಸಂತಾನಹರಣ ಶಿಬಿರದಲ್ಲಿ ಆಪರೇಷನ್ ಮಾಡಿಸಿಕೊಂಡ ಗಂಡಸರಿಗೆ ಯಾರೋ ದಾನಿಗಳು ತಲೆಗೊಂದು ಹಸಿರು ಬಕೀಟು ಕೊಡುತ್ತಿದ್ದರು, ಮತ್ತು ಅವನ್ನು ಕೊಂಡದ್ದೂ ಅದೇ ಅಂಗಡಿಯಲ್ಲಿ.

ಕಾಲು ಮಡಚದ ಮನುಷ್ಯ ಬಸ್ಸು ಹತ್ತುವುದು ಕಷ್ಟ ಎಂದು ಜರೀನಾಬಿ ತಮ್ಮ ಜೀಪಿನಲ್ಲೇ ಹಿಂದೆ ಅಡ್ಡಡ್ಡ ಕೂರಿಸಿಕೊಂಡರು. ಅದರಲ್ಲಿ ಆಗಷ್ಟೇ ಆಪರೇಷನ್ ಮುಗಿಸಿದ್ದ ಶಲವಡಿಯ ಇಬ್ಬರು ರೈತರೂ ಇದ್ದರು. ಜೀಪು ನಮ್ಮೂರ ಬಸ್‌ಸ್ಟ್ಯಾಂಡಿನಲ್ಲಿ, ಹುಲಿಗೆಪ್ಪನ ಚಹಾದಂಗಡಿಯ ಎದುರಿಗೇ ನಿಂತಿತು. ಶಲವಡಿಯ ಬಸ್ಸು ಹಿಡಿಯಲು ಮೊದಲು ಒಬ್ಬ ರೈತ ಇಳಿದ; ಕಾಲು ಅಗಲ, ಕೈಯಲ್ಲಿ ಹಸಿರು ಬಕೀಟು. ಎರಡನೆಯವನು ಇಳಿದ, ಕಾಲು ಅಗಲ, ಹಸಿರು ಬಕೀಟು. ಮೂರನೆಯವರಾಗಿ ನಮ್ಮ ಮಡಿವಾಳೆಪ್ಪ ಮಾಸ್ತರರು ಇಳಿದರು. ಕಾಲು ಎಲ್ಲರಿಗಿಂತ ಅಗಲ. ಕೈಯಲ್ಲಿ ಹಸಿರು ಬಕೀಟು. ಜರೀನಾಬಿ ಜೀಪಿನೊಳಗಿಂದ ತಲೆ ಹೊರಹಾಕಿ ರೈತರಿಗೆ, "ಎರಡ ದಿನ ಸೈಕಲ್ ಹತ್ತಬ್ಯಾಡ್ರಿ, ಹಾಲು ಕುಡೀರಿ" ಎಂದು ಕೂಗಿದರು. ರೈತರು ಹೂಂ ಅಂದರು. ವಿನಯವಂತರಾದ ಮಡಿವಾಳೆಪ್ಪನವರೂ ಹೂಂ ಅಂದರು.

ಹುಲಿಗೆಪ್ಪ ಸೋಸುತ್ತಿದ್ದ ಚಹಾ ಒಲೆಗೆ ಹೋಯಿತು.

"ನೋಡಿದ್ರ್ಯಾ?" ಎಂದ ಅವನು, ಮಾಸ್ತರರು ಓಣಿ ತಿರುಗಿದ ಮೇಲೆ. "ಆಪರೇಷನ್ನಿಗೆ ಸಾಲಿಗೊಂದ ಕೇಸ್ ಕೊಡ್ರಿ ಅಂತ ಸರಕಾರ ಮಾಸ್ತರಗೋಳ ಕುತ್ತಿಗಿ ಹಿಡದೈತಿ. ಊರಾಗ ಯಾರೂ ಸಿಗಲಿಲ್ಲ. ಪಾಪ, ತಾನ ಹೋಗಿ ಕುಂತಾನ."

"ಲಗ್ನ ಆಗದ ಹುಡುಗ ಅಲ್ಲೋ ಹುಲಿಗ್ಯಾ!"

"ಅದಕ್ಕ ಅಂದೆ ಪಾಪ ಅಂತ. ನಮ್ಮ ಸಲುವಾಗಿ ಮಾಡಿಸಿಕೊಂಡಾನ. ನಾವ ಯಾರರ ಒಬ್ಬರು ಹೋಗಿದ್ರ ಅಂವ ಉಳೀತಿದ್ದ."

ಕೂತಿದ್ದವರೆಲ್ಲ ಒಂದು ಗಳಿಗೆ ಅಪರಾಧಿಗಳಂತೆ ತಲೆ ತಗ್ಗಿಸಿದರು. ಆಮೇಲೆ ತಾವು ಹೋಗದೆ ಉಳಿದದ್ದಕ್ಕೆ ಮನಸ್ಸಿನಲ್ಲೇ ಸಮಾಧಾನಪಟ್ಟು, ಇನ್ನೊಂದೊಂದು ಚಹಾ ಕುಡಿದರು.

ಮರುದಿನ ಬೆಳಿಗ್ಗೆ ಮನೆಯೊಡತಿ ಕೆಂಚವ್ವ ಮಡಿವಾಳೆಪ್ಪನವರ ಬಾಗಿಲಿಗೆ ಬಿಸಿ ಹಾಲು ಮತ್ತು ಅಂಟಿನುಂಡಿ ತಂದಳು. ಬಾಣಂತಿಯರಿಗೆ ಕೊಡುವ ಉಂಡಿ ಅದು. ಮಾಸ್ತರರು ನಿಶ್ಚಯದ ಸಂತೋಷಕ್ಕೆ ತಂದಿದ್ದಾಳೆಂದು ತಿಳಿದರು.

"ನೋವ ಆತೇನೋ ಯಪ್ಪಾ?"

"ಮೊದಲ ಅಂಜಿಕಿ ಆತ ಬೇ. ಜರೀನಾಬಾಯಿ ಎಲ್ಲಾ ತಿಳಿಸಿ ಹೇಳಿದ್ರು. ಈಗ ಧೈರ್ಯ ಬಂದೈತಿ."

"ಲಗ್ನಾದರೂ ಆಗಲಿ ಅನ್ನಬೇಕಿಲ್ಲೋ?"

"ಲಗ್ನಕ್ಕ ಮೊದಲ ಮುಗದ್ರ ಚಲೋ. ಆಮ್ಯಾಲ ಹೇಣ್ತಿ ಏನ ತಿಳಕೋತಾಳೋ ಯಾರಿಗ್ಗೊತ್ತು?"

ಕೆಂಚವ್ವ ಸೆರಗು ಬಾಯಿಗಿಟ್ಟುಕೊಂಡು ಹೋದವಳು ಆ ದಿನ ನಾಲ್ಕು ಓಣಿಗಳಲ್ಲಿ ಅತ್ತಳು. ಸೋಮವಾರ ಶಾಲೆಯಲ್ಲಿ ಹೆಡ್ ಮಾಸ್ತರರು ಸ್ವತಃ ಎದ್ದು ತಮ್ಮ ಗಾದಿಯ ಕುರ್ಚಿ ಕೊಟ್ಟು, "ಸಾಲಿ ಮಾನ ಉಳಿಸಿದ್ರಿ" ಎಂದು ಗದ್ಗದಿತರಾದರು. ಒಂದು ಪಾಠ ಒಪ್ಪಿಕೊಂಡದ್ದಕ್ಕೆ ಇಷ್ಟು ಮರ್ಯಾದೆಯೇ ಎಂದು ಮಡಿವಾಳೆಪ್ಪನವರು ಬೆರಗಾದರು. ಮನುಷ್ಯನಿಗೆ ಮರ್ಯಾದೆ ಸಿಗುವಾಗ ಕಾರಣ ಕೇಳುವ ರೂಢಿ ಇಲ್ಲ.

ಮಂಗಳವಾರ ಸಂಜೆ ಹುಲಿಗೆಪ್ಪನ ಅಂಗಡಿಯಲ್ಲಿ ಕಾರಣ ತಿಳಿಯಿತು.

"ಮಾಸ್ತರ, ಹೊಲಿಗಿ ಯಾವತ್ತ ಬಿಚ್ಚತಾರ್ರಿ?" ಎಂದು ಅವನು ಮೆಲ್ಲಗೆ ಕೇಳಿದ.

ಮಡಿವಾಳೆಪ್ಪನವರ ತಲೆಯಲ್ಲಿ ಇದ್ದದ್ದು ಹದಿಮೂರನೆಯ ಪಾಠ. "ಗುರುವಾರ ನಾನ ಬಿಚ್ಚತೇನಿ. ಎಲ್ಲಾ ಹುಡುಗೂರ ಮುಂದ. ಇನ್ಸ್‌ಪೆಕ್ಟರ ಸಾಹೇಬರೂ ನೋಡಾಕ ಬರತಾರ" ಎಂದರು.

ಹುಲಿಗೆಪ್ಪ ಕೈಯಲ್ಲಿದ್ದ ಗ್ಲಾಸು ಬಿಟ್ಟ. ಆಮೇಲೆ ನಡೆದ ಮಾತಿನಲ್ಲಿ ಎರಡೂ ಹೊಲಿಗೆಗಳು ಬೇರೆ ಬೇರೆಯೆಂದು ಮಾಸ್ತರರಿಗೆ ಗೊತ್ತಾಯಿತು, ಹುಲಿಗೆಪ್ಪನಿಗೆ ಆಗಲಿಲ್ಲ.

"ನಾ ಏನೂ ಮಾಡಿಸಿಕೊಂಡಿಲ್ಲೋ ಮಾರಾಯಾ!"

"ಮಾಡಿಸಿಕೊಂಡಾವ್ರು ಯಾರ ಹೌದಂತಾರ್ರಿ? ನಮ್ಮ ಸ್ವಾದರಮಾವನೂ ಸಾಯೂತನಾ ಇಲ್ಲಾ ಅಂದ."

"ಬಕೀಟ ನಾ ಕೊಂಡಿದ್ದು!"

"ಬಿಡ್ರಿ, ನಮಗೇನ ತಿಳಿಯೂದಿಲ್ಲಾ? ನಾ ನಿಮಗ ಒಂದ ಉಪಕಾರ ಮಾಡೇನಿ. ನಿನ್ನೆ ಗುಡಗೇರಿ ಕಡೆ ಕಡ್ಲಿ ಲಾರಿ ಹೊಂಟಿತ್ತು. ನಿಮ್ಮ ಬೀಗರಿಗೆ ಹೊರಗಿನವರಿಂದ ತಿಳಿಯೂದ ಬ್ಯಾಡ ಅಂತ ಡ್ರೈವರನ ಕೈಲೆ ನಾನ ಹೇಳಿ ಕಳಿಸೇನಿ. ಮೋಸ ಮಾಡಿದ ಅಂತ ನಾಳೆ ನಿಮಗ ಹೆಸರ ಬರಬಾರದಲ್ರಿ."

ಆ ರಾತ್ರಿ ಮಡಿವಾಳೆಪ್ಪನವರು ಅಂಟಿನುಂಡಿ ಮುಟ್ಟಲಿಲ್ಲ.

ಗುರುವಾರ ಬೆಳಿಗ್ಗೆ ಶಾಲೆಯ ಗಂಟೆ ಹೊಡೆಯುವ ಮೊದಲೇ ಶಿದ್ಲಿಂಗಪ್ಪನವರು ಬಂದರು. ಬಿಳಿ ಧೋತರ, ಕರಿ ಟೊಪ್ಪಿಗೆ, ಮಳೆಗಾಲದ ಮೋಡದಂಥ ಮುಖ. ಹಿಂದೆ ಎರಡು ಹೆಜ್ಜೆ ಬಿಟ್ಟು ಸುಶೀಲವ್ವ. ಸಂಬಂಧ ಮುರಿಯಲು ಹೆಂಗಸರನ್ನು ಕರೆತರುವ ಪದ್ಧತಿ ಇಲ್ಲ. ಆದರೆ ನೀಲಕ್ಕ ತಾಯಿಗೆ, "ಲಾರಿ ಡ್ರೈವರನ ಮಾತ ಕೇಳಿ ನನ್ನ ಬಾಳೇನ ಬಿಡಬ್ಯಾಡ. ನೀನ ಕಣ್ಣಿಲೆ ನೋಡಿ ಬಾ" ಎಂದು ಹಟ ಹಿಡಿದು ಕಳಿಸಿದ್ದಳು. ಇಬ್ಬರೂ ಬಸ್ಸಿಳಿದು ಹುಲಿಗೆಪ್ಪನ ಬಾಯಿಂದ ಎಲ್ಲವನ್ನೂ ಇನ್ನೊಮ್ಮೆ, ಸ್ವಲ್ಪ ಹೆಚ್ಚಾಗಿಯೇ, ಕೇಳಿಕೊಂಡು ಬಂದಿದ್ದರು.

"ಬಕೀಟ ಎಲ್ಲೈತಿ?" ಇದು ಮಾಸ್ತರರ ಕೋಣೆಯೊಳಗೆ ಅವರ ಮೊದಲನೆಯ ಮಾತು.

ಬಕೀಟು ಮೂಲೆಯಲ್ಲೇ ಇತ್ತು. ಕೆಂಚವ್ವನ ಕಣ್ಣೀರು ತಡೆಯಲಾರದೆ ಮಡಿವಾಳೆಪ್ಪನವರು ಅದನ್ನು ಶಾಲೆಗೆ ತಂದಿಟ್ಟಿದ್ದರು.

"ನಾನ ಕೊಂಡಿದ್ದರಿ ಮಾವಾರ..."

"ಮಾವ ಅನಬ್ಯಾಡ್ರಿ! ಜೀಪ ಹತ್ತಿದ್ದು ಖರೇ ಅಲ್ಲೇನು?"

"ಖರೇರಿ."

"ಕಾಲ ಅಗಲಿಸಿ ಇಳದಿದ್ದು ಖರೇ ಅಲ್ಲೇನು?"

"ಖರೇರಿ. ಪ್ಯಾಂಟಿನ್ಯಾಗ ಪಟಾ ಇತ್ತರಿ."

"ಪಟಾ? ಪ್ಯಾಂಟಿನ್ಯಾಗ ಯಾಕ ಇತ್ತು?"

"ಮಂದಿಗೆ ಕಾಣಬಾರದಂತರಿ."

ಶಿದ್ಲಿಂಗಪ್ಪನವರು ನಮ್ಮೆಲ್ಲರ ಕಡೆ ತಿರುಗಿದರು. "ಮಂದಿಗೆ ಕಾಣಬಾರದಂಥಾ ಪಟಾ! ಕೇಳ್ರಿ! ಅದು ಒಂದ ಆದ್ರ ನನಗ ಮೊಮ್ಮಗ ಇಲ್ಲ. ಇದು ಒಂದ ಆದ್ರ ನನಗ ಮಾನ ಇಲ್ಲ!"

ಮಾತು ಸೋತಾಗ ಮಡಿವಾಳೆಪ್ಪನವರಿಗೆ ಪ್ರಯೋಗ ನೆನಪಾಗುತ್ತದೆ, ಎಷ್ಟೆಂದರೂ ವಿಜ್ಞಾನದವರು. ಕಪಾಟಿನಿಂದ ಸುತ್ತಿದ ಪಟ ತೆಗೆದರು, ಬೆಲ್ಟು ಸಡಿಲಿಸಿದರು, ಬಲಗಾಲಿನೊಳಗೆ ಇಳಿಸಿದರು, ಬಕೀಟು ಹಿಡಿದರು, ಮತ್ತು ಕೋಣೆಯ ಈ ಗೋಡೆಯಿಂದ ಆ ಗೋಡೆಗೆ ಕಾಲು ಬೀಸಿ ನಡೆದು ತೋರಿಸಿದರು. ಸುಶೀಲವ್ವ ಸೆರಗಿನೊಳಗೆ ನಕ್ಕಳು. ಗಂಡ ತಿರುಗಿ ನೋಡಿದ ಕೂಡಲೇ ಕೆಮ್ಮಿದಳು.

"ಏನು ನಡೆದಿದೆ ಇಲ್ಲಿ?" ಎಂಬ ದನಿ ಬಾಗಿಲಿನಿಂದ ಬಂತು. ಇನ್ಸ್‌ಪೆಕ್ಟರ ಸಾಹೇಬರು.

ಅಮೋಘಸಿದ್ದಪ್ಪನವರ ಬಾಯಿಂದ ಹೊರಟ ಸುಳ್ಳು ಮೂವತ್ತು ವರ್ಷದ ನೌಕರಿಯ ಫಲ. "ಪಾಲಕರ ಪ್ರತಿನಿಧಿಗಳರಿ ಸಾಹೇಬರ. ಇವತ್ತಿನ ಪಾಠ ಕೇಳಾಕ ಗುಡಗೇರಿಯಿಂದ ಬಂದಾರ."

ಸಾಹೇಬರ ಮುಖ ಅರಳಿತು. "ಪಾಲಕರು! ಅದೂ ಪತ್ನಿ ಸಹಿತ! ಇಡೀ ಜಿಲ್ಲೆಯಲ್ಲಿ ಇದೇ ಮೊದಲು!" ಎಂದು ಶಿದ್ಲಿಂಗಪ್ಪನವರ ಎರಡೂ ಕೈ ಹಿಡಿದು ಕುಲುಕಿದರು. ಜೀವಮಾನದಲ್ಲಿ ಸರಕಾರ ಶಿದ್ಲಿಂಗಪ್ಪನವರ ಕೈ ಹಿಡಿದದ್ದು ಗೋಡಾವನ್ ತಪಾಸಣೆಯಲ್ಲಿ ಮಾತ್ರ. ಅವರು ಹೂಂ ಅಂದುಬಿಟ್ಟರು. ವರ್ಗದ ಕಡೆ ನಡೆಯುತ್ತ ಅವರು ಮಡಿವಾಳೆಪ್ಪನವರ ಕಿವಿಯಲ್ಲಿ ಹೇಳಿದರು: "ಕುಂತ ಕೇಳತೇನಿ. ನನಗ ತಲಿ ತಗ್ಗಸೂವಂಥಾ ಒಂದ ಮಾತ ನಿಮ್ಮ ಬಾಯಾಗ ಬಂತಂದ್ರ, ಮುಂದಿನ ಬಸ್ಸಿಗೆ ಹೊಂಟೆ. ನೀಲಕ್ಕನ ಹೆಸರ ಮರತಬಿಡ್ರಿ."

ವರ್ಗದ ಮುಂದಿನ ಬೆಂಚಿನಲ್ಲಿ ನಾಲ್ಕು ಹುಡುಗಿಯರು ಒಬ್ಬರಿಗೊಬ್ಬರು ಅಂಟಿ ಕೂತಿದ್ದರು. ಹುಡುಗರೆಲ್ಲ ನೆಲ ನೋಡುತ್ತಿದ್ದರು. ಕಿಟಕಿಗಳಲ್ಲಿ ಊರೇ ನೆರೆದಿತ್ತು; ಮಾಸ್ತರರು ಎಲ್ಲರೆದುರು ಹೊಲಿಗೆ ಬಿಚ್ಚುತ್ತಾರೆಂದು ಸುದ್ದಿ. ಅಂಗಡಿ ಬಿಟ್ಟು ಬರಲಾರದ ಹುಲಿಗೆಪ್ಪನೊಬ್ಬ ಇರಲಿಲ್ಲ. ಸಾಹೇಬರಿಗೆ ಕುರ್ಚಿ ಹಾಕಿದರು. ಶಿದ್ಲಿಂಗಪ್ಪ ದಂಪತಿಗೆ ಹಿಂದಿನ ಗಿಡ್ಡ ಬೆಂಚು ಸಿಕ್ಕಿತು. ಅವರ ಮೊಣಕಾಲುಗಳು ಎದೆಗೆ ಬಂದು ಕೂತವು.

ಪ್ಯಾಂಟಿನೊಳಗಿನ ಪಟ ತೆಗೆಯಲು ಹೊತ್ತು ಸಿಗದ ಮಡಿವಾಳೆಪ್ಪನವರು ಕಾಲು ಬೀಸುತ್ತ ಒಳಗೆ ಬಂದರು. "ಅಯ್ಯ, ಇನ್ನೂ ನಡಿಯಾಕ ಬರವಲ್ದು ನೋಡು" ಎಂದಿತು ಕಿಟಕಿ.

ಅವರು ಕರಿಹಲಗೆಯ ಮುಂದೆ ನಿಂತರು. ನಡುವಿಗೆ ಕೈ ಹಾಕಿದರು. ಕಿಟಕಿಯಲ್ಲಿ ಕೆಂಚವ್ವ ಕಣ್ಣು ಮುಚ್ಚಿಕೊಂಡಳು. ಮಾಸ್ತರರು ಕತ್ತಿ ಹಿರಿಯುವಂತೆ ಪಟವನ್ನು ಹಿರಿದು, ಮೊಳೆಗೆ ತೂಗುಹಾಕಿದರು. ಆಮೇಲೆ ಬಲಗಾಲು ಮಡಚಿದರು, ಚಾಚಿದರು, ಇನ್ನೊಮ್ಮೆ ಮಡಚಿದರು. ಊರಿನ ಐದು ದಿನದ ಸುದ್ದಿ ಒಂದು ಪ್ಯಾಂಟಿನಿಂದ ಹೊರಬಂದು ಎಲ್ಲರೆದುರಿಗೆ ತೂಗಾಡಿತು. ಕೆಂಚವ್ವ ಒಂದೇ ಕಣ್ಣು ತೆರೆದು, "ಉಂಡಿಗೆ ಹಾಕಿದ ನನ್ನ ತುಪ್ಪ ಹೋತಲ್ಲೇ" ಎಂದಳು.

ಶಿದ್ಲಿಂಗಪ್ಪನವರ 'ಅದು ಒಂದು', ಮೊಮ್ಮಗನ ಪ್ರಶ್ನೆ, ಬಗೆಹರಿಯಿತು. ಉಳಿದದ್ದು 'ಇದು ಒಂದು', ಮಾನದ ಪ್ರಶ್ನೆ.

ಮುದಕಪ್ಪ ಕತ್ತರಿ ಹಿಡಿದು ಪುಸ್ತಕಗಳ ದಾರ ಕತ್ತರಿಸುತ್ತ ಬಂದ. ಮಡಿವಾಳೆಪ್ಪನವರು, "ಸಂತಾನೋತ್ಪತ್ತಿಯೆಂದರೆ ಜೀವಿಗಳು ತಮ್ಮ ವಂಶವನ್ನು..." ಎಂದು ಗಿಳಿಪಾಠ ಶುರುಮಾಡಿ, ನಡುವೆ ನಿಂತುಬಿಟ್ಟರು. ನಾಲ್ಕು ಹುಡುಗಿಯರ ಮುಖ ಕಂಡಿತೋ, ಜರೀನಾಬಿಯ ಮಾತು ನೆನಪಾಯಿತೋ, ಪುಸ್ತಕ ಮುಚ್ಚಿ ಮೇಜಿನ ಮೇಲಿಟ್ಟರು. "ಜ್ವಾಳ ಹ್ಯಾಂಗ ಹುಟ್ಟತೈತಿ, ನಿಮಗೆಲ್ಲಾರಿಗೂ ಗೊತ್ತೈತಿ" ಎಂದು ಶುರುಮಾಡಿದರು. ಜೋಳದಿಂದ ಆಕಳಿಗೆ ಬಂದರು, ಆಕಳಿನಿಂದ ಮನುಷ್ಯರಿಗೆ. ಹುಡುಗಿಯರಿಗೆ ತಿಂಗಳು ತಿಂಗಳು ಆಗುವುದು ರೋಗವಲ್ಲ, ಮೈಲಿಗೆಯಲ್ಲ, ಮೈ ತನ್ನ ಕೆಲಸ ಮಾಡುವ ರೀತಿ ಎಂದರು. ಹುಡುಗರಿಗೆ ಗಂಟಲು ಒಡೆಯುವುದೂ, ಮೀಸೆ ಮೂಡುವುದೂ, ಕನಸು ಬೀಳುವುದೂ ಹಾಗೆಯೇ ಎಂದರು. ನೆಲ ನೋಡುತ್ತಿದ್ದ ಹುಡುಗರು ಒಬ್ಬೊಬ್ಬರಾಗಿ ತಲೆಯೆತ್ತಿದರು, ಇದು ತಮಗೊಬ್ಬರಿಗೇ ಆದ ಅಪಘಾತವಲ್ಲವೆಂದು ತಿಳಿದವರ ಹಾಗೆ. ಹದಿನೈದಕ್ಕೆ ಲಗ್ನವಾದ ಹುಡುಗಿಯ ಮೈ ಹೆರಲು ಸಿದ್ಧವಿರುವುದಿಲ್ಲ ಎಂದರು. ಮಕ್ಕಳು ಯಾವಾಗ, ಎಷ್ಟು ಎಂಬುದನ್ನು ಗಂಡ ಹೆಂಡತಿ ಇಬ್ಬರೂ ಕೂತು ಮಾತಾಡಬೇಕು, ಓಣಿಯಲ್ಲ ಎಂದರು. ಆಪರೇಷನ್ನಿನಿಂದ ಗಂಡಸುತನ ಹೋಗುವುದಿಲ್ಲ, ನೀರಿನ ಕಾಲುವೆಗೆ ಒಂದು ಒಡ್ಡು ಹಾಕಿದಂತೆ ಅಷ್ಟೇ ಎಂದರು. ಕಿಟಕಿಯ ಗಂಡಸರು ಉಸಿರು ಬಿಟ್ಟ ಸಪ್ಪಳ ಕೇಳಿತು.

ಶಿದ್ಲಿಂಗಪ್ಪನವರ ತಲೆ ಇನ್ನೂ ನೆಟ್ಟಗಿತ್ತು. ಮುಗಿಯಿತು ಎಂದುಕೊಂಡೆವು. ಮಡಿವಾಳೆಪ್ಪನವರು ಕರವಸ್ತ್ರ ತೆಗೆದರು.

"ಮಕ್ಕಳು ಪ್ರಶ್ನೆ ಕೇಳಲಿ" ಎಂದರು ಸಾಹೇಬರು.

ಮುಂದಿನ ಬೆಂಚಿನ ನಾಲ್ವರಲ್ಲಿ ಲಕ್ಷ್ಮವ್ವ ಎಂಬವಳು ಎದ್ದಳು. ಬೆರಳಿಗೆ ಗೋಣಿದಾರದ ತುಂಡು ಸುತ್ತುತ್ತಿದ್ದಳು. "ಸರ್, ಕೂಸು ಗಂಡೋ ಹೆಣ್ಣೋ ಅನ್ನೂದು ಯಾರ ಕಡಿಂದ ಬರತೈತ್ರಿ? ನಮ್ಮವ್ವಗ ಎಲ್ಲಾ ಹೆಣ್ಣ ಹುಟ್ಟೇವಂತ ಅಪ್ಪ ಇನ್ನೊಂದ ಲಗ್ನ ಮಾಡಿಕೊಳ್ತಾನಂತ್ರಿ."

ಮಡಿವಾಳೆಪ್ಪನವರ ಕಣ್ಣು ತಾನಾಗಿ ಹಿಂದಿನ ಬೆಂಚಿಗೆ ಹೋಯಿತು. ಶಿದ್ಲಿಂಗಪ್ಪನವರು ಟೊಪ್ಪಿಗೆ ಸರಿಮಾಡಿಕೊಂಡು, ಆ ಉತ್ತರ ತಮಗೆ ಮೊದಲೇ ಗೊತ್ತಿದೆಯೆಂಬಂತೆ ತಲೆದೂಗುತ್ತಿದ್ದರು. ಸುಶೀಲವ್ವ ಚಹಾದ ಬಸಿ ನೋಡುವಂತೆ ತನ್ನ ಅಂಗೈ ನೋಡುತ್ತ ಕೂತಿದ್ದಳು.

"ಅದು... ನಿಸರ್ಗ..." ಎಂದರು ಮಾಸ್ತರರು.

"ಸರಿಯಾದ ಉತ್ತರ ಹೇಳಿ" ಎಂದರು ಸಾಹೇಬರು.

ಲಕ್ಷ್ಮವ್ವ ಕೂರಲಿಲ್ಲ. ಉತ್ತರ ಹೇಳಿದರೆ, 'ಆ ನಾಕಾದ್ರೂ ಉಳಿಸಿಕೊಳ್ರಿ' ಎಂದಿದ್ದ ನೀಲಕ್ಕನ ಹೆಸರನ್ನು ಮರೆಯಬೇಕಾಗಿ ಬಂದೀತು. ಹೇಳದಿದ್ದರೆ ಆಕೆಯ ಮಾತನ್ನೇ ಮರೆತಂತೆ. ಮಾಸ್ತರರು ಸೀಮೆಸುಣ್ಣ ಎತ್ತಿ ಹಲಗೆಯ ಮೇಲೆ ಒಂದು ಎಕ್ಸ್, ಒಂದು ವಾಯ್ ಬರೆದರು.

"ತಾಯಿ ಕಡಿಂದ ಬರೂದು ಯಾವಾಗಲೂ ಒಂದ ನಮೂನಿ. ಅದಕ್ಕ ಎಕ್ಸ್ ಅಂತಾರ. ತಂದಿ ಕಡೆ ಎರಡ ನಮೂನಿ, ಎಕ್ಸ್ ಮತ್ತ ವಾಯ್. ತಂದಿ ಕಡಿಂದ ಎಕ್ಸ್ ಹೋದ್ರ ಹೆಣ್ಣು, ವಾಯ್ ಹೋದ್ರ ಗಂಡು. ಯಾವದ ಹೋಗಬೇಕು ಅನ್ನೂದು ತಂದಿ ಕೈಯಾಗೂ ಇಲ್ಲ. ಆದ್ರ..." ಎಂದು ಲಕ್ಷ್ಮವ್ವನ ಕಡೆ ತಿರುಗಿ, "ಆದ್ರ ಅದು ತಾಯಿ ಕಡಿಂದ ಅಲ್ಲ. ಬಿತ್ತಿದ್ದನ್ನ ಹೊಲ ಬೆಳೀತೈತಿ. ಹೊಲದ್ದ ತಪ್ಪಿಲ್ಲ" ಎಂದರು.

ಹಿಂದಿನ ಬೆಂಚು ಕಿರುಗುಟ್ಟಿತು. ಶಿದ್ಲಿಂಗಪ್ಪನವರು ಎದ್ದು ನಿಲ್ಲಲು ನೋಡಿದರು, ಮೊಣಕಾಲು ಬಿಡಿಸಿಕೊಳ್ಳಲಿಲ್ಲ. ಅರ್ಧ ಎದ್ದ ಸ್ಥಿತಿಯಲ್ಲೇ, "ಏಳ, ಬಸ್ ಬರತೈತಿ" ಎಂದು ಹೆಂಡತಿಗೆ ಗದರಿದರು.

ಸುಶೀಲವ್ವ ಏಳಲಿಲ್ಲ. "ಮಾಸ್ತರ, ಇನ್ನೊಮ್ಮೆ ಹೇಳ್ರಿ" ಎಂದಳು.

ಮಡಿವಾಳೆಪ್ಪನವರು ಇನ್ನೊಮ್ಮೆ ಹೇಳಿದರು.

"ಇನ್ನೊಮ್ಮೆ. ಕಿಡಕ್ಯಾಗ ನಿಂತಾವ್ರಿಗೂ ಕೇಳಲಿ."

ಮೂರನೆಯ ಸಲಕ್ಕೆ ಅವರ ದನಿ ಗಟ್ಟಿಯಾಗಿತ್ತು. ಕಿಟಕಿಯಲ್ಲಿ ಹೆಂಗಸರೆಲ್ಲ ಮುಂದೆ ಬಂದಿದ್ದರು, ಗಂಡಸರೆಲ್ಲ ಹಿಂದೆ ಸರಿದಿದ್ದರು. ಲಕ್ಷ್ಮವ್ವನ ತಂದೆಗೆ ಹೊಲದಲ್ಲಿ ಏನೋ ಅವಸರದ ಕೆಲಸ ನೆನಪಾಯಿತು. ಸಾಹೇಬರು ಎದ್ದು ಚಪ್ಪಾಳೆ ತಟ್ಟಿ, ಪಾಲಕರು ಈ ರೀತಿ ಭಾಗವಹಿಸಿದ್ದನ್ನು ತಾವು ಎಲ್ಲೂ ಕಂಡಿಲ್ಲವೆಂದು ಶಿದ್ಲಿಂಗಪ್ಪನವರ ಕೈಯನ್ನು ಮತ್ತೊಮ್ಮೆ ಕುಲುಕಿದರು.

ಸಾಹೇಬರು ಹೋದ ಮೇಲೆ ಮಾಸ್ತರರ ಕೋಣೆಯಲ್ಲಿ ಶಿದ್ಲಿಂಗಪ್ಪನವರು ಗೋಡೆಗೆ ಹೇಳುವಂತೆ ಹೇಳಿದರು: "ಈ ಬೀಗತನ ಮುರೀತು."

"ಮುರೀರಿ" ಎಂದಳು ಸುಶೀಲವ್ವ. "ಆದ್ರ ಯಾಕ ಮುರೀತು ಅಂತ ಗುಡಗೇರಿ ಸಂತ್ಯಾಗ ಮಂದಿ ನನ್ನ ಕೇಳತಾರ. ನಾ ಸುಳ್ಳ ಹೇಳಾಕಿ ಅಲ್ಲ. ಮಾಸ್ತರ ಹೇಳಿದ್ದು ನನಗ ಈಗ ಬಾಯಿಪಾಠ ಐತಿ."

ಶಿದ್ಲಿಂಗಪ್ಪನವರು ಕುರ್ಚಿಯ ಮೇಲೆ ಕುಸಿದರು. ಗುಡಗೇರಿ ಸಂತೆಯಲ್ಲಿ ಕಾಳಿನ ಸುದ್ದಿಗಿಂತ ಇಂಥ ಸುದ್ದಿಗೆ ದರ ಹೆಚ್ಚೆಂದು ಅವರಿಗಿಂತ ಚೆನ್ನಾಗಿ ಬಲ್ಲವರಿಲ್ಲ.

ಸುಶೀಲವ್ವ ಮಡಿವಾಳೆಪ್ಪನವರ ಕಡೆ ತಿರುಗಿದಳು. "ನನ್ನ ಮಗಳಿಗೂ ಎಲ್ಲಾ ಹೆಣ್ಣ ಹುಟ್ಟಿದ್ರ?"

"ಅವು ನನ್ನ ಕಡಿಂದ ಬಂದಾವಂತ ಊರಿಗೆಲ್ಲಾ ನಾನ ಹೇಳತೇನ್ರಿ."

"ಇನ್ನ ಸಾಕು ಅಂತ ಅನ್ನಾವ್ರು ಯಾರು?"

"ಅದನ್ನ ನೀಲಕ್ಕನ್ನ ಕೇಳಬೇಕ್ರಿ" ಎಂದು ಮಡಿವಾಳೆಪ್ಪನವರು ಹೇಳಿದರು. ಅವರ ಜೀವನದಲ್ಲಿ ಗಲಿಬಿಲಿಯಿಲ್ಲದೆ ಬಂದ ಎರಡನೆಯ ಉತ್ತರ ಅದು; ಮೊದಲನೆಯದು ಆಗಷ್ಟೇ ಹಲಗೆಯ ಮೇಲಿತ್ತು.

ಸುಶೀಲವ್ವ ಮೂಲೆಗೆ ಹೋಗಿ ಹಸಿರು ಬಕೀಟು ಎತ್ತಿ, ತಿರುವಿ ನೋಡಿ, ಗಂಡನ ಕೈಗೆ ಕೊಟ್ಟಳು. "ಸೋಮವಾರ ಗುಡಗೇರಿಗೆ ಬರ್ರಿ. ನಿಶ್ಚಯದ ಸಕ್ಕರಿ ಇದರಾಗ ಹಂಚತೇನಿ. ನಡೀರಿ."

ಇಬ್ಬರೂ ಹೊರಟರು. ಬರುವಾಗ ಎರಡು ಹೆಜ್ಜೆ ಹಿಂದಿದ್ದ ಸುಶೀಲವ್ವ ಈಗ ಎರಡು ಹೆಜ್ಜೆ ಮುಂದಿದ್ದಳು. ಗಿಡ್ಡ ಬೆಂಚಿನ ಮೇಲೆ ಮಡಚಿದ ಶಿದ್ಲಿಂಗಪ್ಪನವರ ಮೊಣಕಾಲುಗಳು ಇನ್ನೂ ಪೂರ್ತಿ ಬಿಡಿಸಿಕೊಂಡಿರಲಿಲ್ಲ. ಕಾಲು ಅಗಲಿಸಿ, ಒಂದು ಕೈ ನಡುವಿನ ಮೇಲೆ, ಇನ್ನೊಂದು ಕೈಯಲ್ಲಿ ಹಸಿರು ಬಕೀಟು, ಹೀಗೆ ಅವರು ಹುಲಿಗೆಪ್ಪನ ಅಂಗಡಿಯೆದುರು ಬಂದರು.

ಹುಲಿಗೆಪ್ಪ ಕಣ್ಣುಜ್ಜಿ ನೋಡಿದ. "ಅಯ್ಯಯ್ಯ! ಬೀಗರೂ ಮಾಡಿಸಿಕೊಂಡ್ರಲ್ಲೋ!"

"ಈ ವಯಸ್ಸಿನ್ಯಾಗ ಯಾಕೋ?" ಎಂದಿತು ಬೆಂಚು.

"ಅಳ್ಯಾನ ಮಾನ ಉಳಸಾಕಲೇ! ಎಂಥಾ ದೊಡ್ಡ ಮನಸ್ಸು!" ಎಂದು ಹುಲಿಗೆಪ್ಪ ಕುರ್ಚಿ ಹೊತ್ತುಕೊಂಡು ರಸ್ತೆಗೇ ಓಡಿಬಂದ. "ಕುಂದರ್ರಿ ಯಜಮಾನ್ರ, ನಿಂದರಬ್ಯಾಡ್ರಿ. ಭಾಳ ನೋವಾಗೇತೇನ್ರಿ?"

ಶಿದ್ಲಿಂಗಪ್ಪನವರು ಬಾಯಿ ತೆರೆದರು. ಇಲ್ಲವೆಂದರೆ ಬಕೀಟು ಎಲ್ಲಿಯದೆಂದು ಹೇಳಬೇಕು. ಬಕೀಟಿನದು ಹೇಳಿದರೆ ಪಾಠದ್ದು ಹೇಳಬೇಕು. ಬಾಯಿ ಮುಚ್ಚಿ, ಹೆಂಡತಿಯ ಕಡೆ ನೋಡಿದರು. ಇಪ್ಪತ್ತು ವರ್ಷಗಳ ಸಂಸಾರದಲ್ಲಿ ಅವರು ಆಕೆಯನ್ನು ಹಾಗೆ ನೋಡಿದ್ದು ಅದೇ ಮೊದಲು.

ಸುಶೀಲವ್ವ ಸೆರಗು ಸರಿಮಾಡಿಕೊಂಡಳು.

"ಹೌದಪಾ, ಭಾಳ ನೋವಾಗೈತಿ ಅವರಿಗೆ. ಒಂದ ಗ್ಲಾಸ್ ಹಾಲ ಕೊಡು" ಎಂದಳು. "ಸಕ್ಕರಿ ಹಾಕಬ್ಯಾಡ. ಸಕ್ಕರಿ ಸೋಮವಾರ."